ಚೀಟಿಯಲ್ಲಿ ಬಂದ ಕುರಿಗಾಹಿ

ನಾನು ಸುಳ್ಳು ಹೇಳುವವನಲ್ಲ. ನಿಜವನ್ನು ಅರ್ಧಕ್ಕೆ ನಿಲ್ಲಿಸುವವನು. ಗಡಿಯಾಚೆ ಮಹಾರಾಷ್ಟ್ರದ ಗಡಹಿಂಗ್ಲಜದ ಕಾನ್ವೆಂಟ್ ಶಾಲೆಯಲ್ಲಿ ಗಣಿತದ ಮಾಸ್ತರನಾಗಿ ಸೇರಿದ ದಿನವೇ ಈ ವಿದ್ಯೆಯನ್ನು ಪ್ರಯೋಗಿಸಿದೆ. ತಂದೆ ಏನು ಮಾಡುತ್ತಾರೆಂದು ಸ್ಟಾಫ್‌ರೂಮಿನಲ್ಲಿ ಯಾರೋ ಮರಾಠಿಯಲ್ಲಿ ಕೇಳಿದರು. "ಪಶುಸಂವರ್ಧನ" ಎಂದುಬಿಟ್ಟೆ, ಅಂದರೆ ನಮ್ಮ ಕನ್ನಡದ ಪಶುಸಂಗೋಪನೆ. ಅದು ಸರ್ಕಾರದ ಒಂದು ಇಲಾಖೆಯ ಹೆಸರೂ ಹೌದು ಎಂಬುದು ನನಗೆ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು. ನಮ್ಮಪ್ಪ ಕುರಿ ಹಿಂಡು ಹೊಡೆದುಕೊಂಡು ಗಡಿಯ ಹಳ್ಳಿಗಳ ಹೊಲದಿಂದ ಹೊಲಕ್ಕೆ ಅಲೆಯುವವನು ಎಂಬುದು ಮಾತ್ರ ನನಗೊಬ್ಬನಿಗೇ ಗೊತ್ತಿತ್ತು. ಮಹಾಗಾಂವದಿಂದ ಬರುವ ಪಾಟೀಲ ಟೀಚರ್ ತಮ್ಮ ಎಮ್ಮೆ ಹಾಲು ಕಡಿಮೆ ಮಾಡಿದೆ, ನಿಮ್ಮ ತಂದೆಯವರ ಆಫೀಸ್ ಎಲ್ಲಿ ಎಂದು ಎರಡು ಸಲ ವಿಚಾರಿಸಿದರು. "ಅವರು ಸದಾ ಟೂರಿನಲ್ಲಿರುತ್ತಾರೆ" ಎಂದೆ. ಅದೂ ನಿಜವೇ.

ಹಾಸ್ಯಾಸ್ಪದವೆಂದರೆ, ಇಂಥ ಬಡಾಯಿಯ ಅಗತ್ಯವೇ ಇಲ್ಲದ ಶಾಲೆ ಅದು. ಸರ್ಕಾರದ ಅನುದಾನವಿಲ್ಲದೆ ಸಿಸ್ಟರುಗಳೇ ನಡೆಸಿಕೊಂಡು ಬಂದದ್ದು. ಬಹಳ ಹಿಂದೆ ಮೂವರು ಸಿಸ್ಟರುಗಳು ಒಂದು ಬೆಲ್ಲದ ಗೋದಾಮು ಹಿಡಿದು ಶುರುಮಾಡಿದರಂತೆ. ಮೊದಲ ವರ್ಷ ಮಕ್ಕಳಿಗಿಂತ ಇರುವೆಗಳ ಹಾಜರಿಯೇ ಹೆಚ್ಚು. ಕಸ ಗುಡಿಸಲು ಆಳಿರಲಿಲ್ಲ, ತಾವೇ ಕಸಬರಿಗೆ ಹಿಡಿದರು. ಈಗ ಆಳುಗಳಿದ್ದರೂ ಶನಿವಾರ ಶಾಲೆ ಬಿಟ್ಟ ಮೇಲೆ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಮೊದಲ್ಗೊಂಡು ಎಲ್ಲರೂ ತಂತಮ್ಮ ಕೋಣೆ ಗುಡಿಸುತ್ತೇವೆ. ಮನೆಯಲ್ಲಿ ಚಹಾ ಕುಡಿದ ಕಪ್ಪನ್ನೂ ಎತ್ತಿಡದ ನಾನು ಬೆಂಚುಗಳ ಕೆಳಗೆ ತೂರಿ ಪೆನ್ಸಿಲ್ ಚೂರು ಆಯುತ್ತೇನೆ. ಈ ಸಂಗತಿ ನನ್ನ ಹೆಂಡತಿಗೆ ಇನ್ನೂ ತಿಳಿದಿಲ್ಲ.

ಇನ್ನೊಂದು ಪದ್ಧತಿ ಕ್ರಿಸ್‌ಮಸ್ ನಾಟಕ. ಮೊದಲ ವರ್ಷದ ಮಕ್ಕಳಿಗೆ ಯೇಸು ಹುಟ್ಟಿದ ಕತೆಯೇ ಗೊತ್ತಿರಲಿಲ್ಲವಾದ್ದರಿಂದ ಸಿಸ್ಟರುಗಳೇ ಪಾತ್ರ ಕಟ್ಟಿದರಂತೆ. ಅಂದಿನಿಂದ ನಮ್ಮಲ್ಲಿ ದೊಡ್ಡವರು ಆಡುವುದು, ಮಕ್ಕಳು ನೋಡುವುದು. ಪಾತ್ರಗಳನ್ನು ಚೀಟಿ ಎತ್ತಿ ಹಂಚುತ್ತಾರೆ. ಬಂದದ್ದನ್ನು ಒಲ್ಲೆ ಎನ್ನುವಂತಿಲ್ಲ, ನಾಟಕ ಬಿಡುವಂತೆಯೂ ಇಲ್ಲ. ಪ್ಯೂನ್ ತುಕಾರಾಮ ಎರಡು ಸಲ ರಾಜನಾಗಿದ್ದಾನೆ. ಹೆಡ್‌ಮಿಸ್ಟ್ರೆಸ್ ಮೊಣಕಾಲು ನೋವಿನಲ್ಲೇ ಕುರಿಯಾಗಿ ಅಂಬೆಗಾಲಿಟ್ಟಿದ್ದಾರೆ. ನನ್ನ ಪುಣ್ಯಕ್ಕೆ ಪ್ರತಿವರ್ಷ ರಾಜ, ದೇವದೂತ ಇಂಥ ಮಾನದ ಪಾತ್ರಗಳೇ ಸಿಗುತ್ತಿದ್ದವು. ಈ ಸಲ ಚೀಟಿ ಬಿಡಿಸಿದರೆ, ಕುರಿ ಕಾಯುವವನು!

ಕಂಬಳಿ ಬೇಕಿತ್ತು. ಅಪ್ಪನಿಗೆ ಫೋನ್ ಮಾಡಿದೆ. ಅವನ ಹಿಂಡು ಆಗ ಊರ ಹೊರಗಿನ ಹೊಲವೊಂದರಲ್ಲಿತ್ತು.

"ಯಾಕೋ, ಥಂಡಿ ಭಾಳ ಐತೇನ?" ಎಂದ.

"ಇಲ್ಲಪ್ಪ, ಸಾಲ್ಯಾಗ ನಾಟಕ ಐತಿ. ನಾ ಕುರಿ ಕಾಯಾಂವ ಆಗೇನಿ."

"ಇಷ್ಟ ಸಾಲಿ ಕಲ್ತು ಕಡೀಕ ಕುರಿ ಕಾಯಾಂವನಽ ಆದಿ?"

ಭಾನುವಾರ ನಾನೇ ಬಂದು ಒಯ್ಯುತ್ತೇನೆ ಎಂದಿದ್ದೆ. ಅವನು ಶುಕ್ರವಾರವೇ ತಲೆಗೆ ಕೆಂಪು ಪಟಕ ಸುತ್ತಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು, ತಾಲೀಮು ನಡೆದಿದ್ದ ಸಭಾಂಗಣದ ಬಾಗಿಲಲ್ಲಿ ಬಂದು ನಿಂತ. ನಾನು ವೇದಿಕೆಯ ಮೇಲೆ ನಕ್ಷತ್ರ ಕಂಡ ಆನಂದಕ್ಕೆ ಕೋಲೆತ್ತಿ ಕುಣಿಯುತ್ತಿದ್ದೆ. ಅಪ್ಪನಿಗೆ ತಡೆಯಲಾಗಲಿಲ್ಲ.

"ಹಂಗ ಜಿಗದಾಡಿದ್ರ ಕುರಿ ದಿಕ್ಕಾಪಾಲ ಆಗತಾವ್ರಿ!"

ತಾಲೀಮು ನಿಂತಿತು. ಹೆಡ್‌ಮಿಸ್ಟ್ರೆಸ್ ಮಂಗಳೂರಿನ ಕಡೆಯವರು. "ನೀವು ಯಾರು ಯಜಮಾನ್ರೇ?" ಎಂದು ಕೇಳಿದರು.

ಅಪ್ಪ ನನ್ನ ಮುಖ ನೋಡಿದ. ಏನು ಕಂಡನೋ, ಮಾತನ್ನು ತಗ್ಗಿಸಿದ. "ನಾ ಇವರ ಊರಾಂವರಿ ಬಾಯಾರ. ಸರ್ ಕಂಬಳಿ ಕೇಳಿದ್ರು, ಕೊಟ್ಟ ಹೋಗಾಕ ಬಂದೇನಿ."

ನನ್ನನ್ನು ಹೊತ್ತು ತಿರುಗಿದವನು ನನ್ನನ್ನು 'ಸರ್' ಎಂದ. ಕಂಬಳಿಯನ್ನು ವೇದಿಕೆಯ ಅಂಚಿಗಿಟ್ಟು ತಿರುಗಿಯೂ ಬಿಟ್ಟ. ಅವನು ಬಾಗಿಲು ದಾಟಿದರೆ ಈ ಜನ್ಮದಲ್ಲಿ ಮನೆಗೆ ಹೋಗಿ ಅವನೆದುರು ಊಟಕ್ಕೆ ಕೂಡಲಾರೆ ಎನ್ನಿಸಿತು. ವೇದಿಕೆಯಿಂದ ಧುಮುಕಿ ಓಡಿಹೋಗಿ ಕೈ ಹಿಡಿದೆ.

"ಸಿಸ್ಟರ್, ಇವರು ನಮ್ಮಪ್ಪರೀ. ಕುರಿ ಕಾಯ್ತಾರ."

ಮೊದಲು ಬಾಯಿ ಬಿಟ್ಟವರು ಪಾಟೀಲ ಟೀಚರ್. "ಹಂಗಾರ ಆಫೀಸ್ ಇಲ್ಲೇನ್ರಿ?"

ಹೆಡ್‌ಮಿಸ್ಟ್ರೆಸ್ ಎದ್ದು ತಮ್ಮ ಕುರ್ಚಿಯನ್ನು ಅಪ್ಪನ ಮುಂದಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಎಂಥದು ಮಾರಾಯ್ರೆ ಸರ್? ಯೇಸು ಹುಟ್ಟಿದ ಸುದ್ದಿ ಮೊದಲು ಗೊತ್ತಾದದ್ದೇ ಕುರಿ ಕಾಯುವವರಿಗೆ. ಇಷ್ಟು ವರ್ಷ ನಾವು ಸುಳ್ಳು ಕುರಿಗಾಹಿಗಳನ್ನು ಕುಣಿಸಿದೆವು, ನೀವು ನಿಜವಾದವರನ್ನು ಅಡಗಿಸಿಟ್ಟಿರಿ!" ಎಂದರು. ಪಾತ್ರ ಅಲ್ಲೇ ಅಪ್ಪನಿಗೆ ಹೋಯಿತು. ಚೀಟಿ ಎತ್ತಿದವನು ನಾಟಕ ಬಿಡುವಂತಿಲ್ಲವಲ್ಲ, ನನಗೆ ಉಳಿದದ್ದು ಹಿಂಡಿನಲ್ಲೊಂದು ಕುರಿಯ ಪಾತ್ರ.

ನಾಟಕದ ದಿನ ನಾನು ಬಿಳಿ ಬೆಡ್‌ಶೀಟ್ ಹೊದ್ದು ನಾಲ್ಕು ಕಾಲಿನಲ್ಲಿದ್ದೆ. ಈ ಸಲವೂ ಕುರಿಯ ಚೀಟಿಯೇ ಬಂದಿದ್ದ ಹೆಡ್‌ಮಿಸ್ಟ್ರೆಸ್ ನನ್ನ ಪಕ್ಕದಲ್ಲಿದ್ದರು. "ಬಾಯಾರ, ನೀವು ಸಾವಕಾಶ ಬರ್ರಿ" ಎಂದು ಅವರಿಗೆ ದಾರಿ ಬಿಟ್ಟ ಅಪ್ಪ ನನ್ನ ಬೆನ್ನಿಗೆ ಕೋಲಿನಿಂದ ಮೆಲ್ಲಗೆ ತಿವಿದ. ನನ್ನಿಂದ ಪ್ರಮೇಯ ಕಲಿಯುವ ಮಕ್ಕಳು ಬೆಂಚು ಹತ್ತಿ ಕೇಕೆ ಹಾಕಿದರು. ಗೋದಲಿಯ ಮುಂದೆ ಕೈಮುಗಿದು ನಿಂತರೆ ಸಾಕು ಎಂದು ಅಪ್ಪನಿಗೆ ಹೇಳಿಕೊಟ್ಟಿದ್ದೆವು. ಅವನು ಹುಲ್ಲಿನ ಮೇಲೆ ಬರಿಮೈಯಲ್ಲಿ ಮಲಗಿದ್ದ ಬಾಲಯೇಸುವಿನ ಗೊಂಬೆಯನ್ನು ನೋಡಿದ. ಹೆಗಲ ಮೇಲಿನ ಕಂಬಳಿ ತೆಗೆದು, ಮೂಗಿಗೆ ಗಾಳಿಯಾಡುವಷ್ಟು ಜಾಗ ಬಿಟ್ಟು ಹೊದಿಸಿದ. ಕೇಕೆ ತಾನಾಗಿ ನಿಂತಿತು. ನನ್ನ ಪಕ್ಕದ ಕುರಿ ಕಣ್ಣೊರೆಸಿಕೊಂಡಿತು.

ಪ್ರತಿವರ್ಷ ಕುರಿ ಕಾಯುವ ಒಬ್ಬರನ್ನು ನಾಟಕಕ್ಕೆ ಕರೆಯಬೇಕೆಂದು ಆವತ್ತೇ ನಿಶ್ಚಯವಾಯಿತು. ಶಾಲೆಗೆ ಇನ್ನೊಂದು ಪದ್ಧತಿ ಸೇರಿತು. ಆಮೇಲೆ ಚಹಾ ಕುಡಿಯುವಾಗ ಹೆಡ್‌ಮಿಸ್ಟ್ರೆಸ್, "ಮಗನ ಪಾತ್ರ ಹೇಗಿತ್ತು ಯಜಮಾನ್ರೇ?" ಎಂದು ಕೇಳಿದರು. ನಾನು ವಿನಯದಿಂದ ತಲೆ ತಗ್ಗಿಸಿ ಹೊಗಳಿಕೆಗೆ ಕಾದೆ.

"ಚಲೋ ಮಾಡ್ಯಾನ್ರಿ" ಎಂದ ಅಪ್ಪ. "ತಾ ಕುರಿ ಅಲ್ಲ ಅಂತ ತಿಳ್ಕೊಂಡ ಹಿಂಡ ಬಿಟ್ಟ ದೂರ ನಿಲ್ಲೂ ಕುರಿ ಒಂದ ಇರತೈತಿ ನೋಡ್ರಿ, ಥೇಟ್ ಹಂಗಽ ಮಾಡ್ಯಾನ."

ನಾನು ಹಿಂಡಿನ ನಟ್ಟನಡುವೆ ಇದ್ದೇನೆಂದೇ ತಿಳಿದು ನಟಿಸುತ್ತಿದ್ದೆ.