ಹಿರಿಯರ ಬೆರಳು, ದೇವರ ಬಾಯಿ

ಒಂದಕ್ಕೆ ನಕ್ಕು ಮುಗಿಸುವುದರೊಳಗೆ ಇನ್ನೊಂದು ಆಗುತ್ತಿತ್ತು ನಮ್ಮ ಕ್ರೈಸ್ತ ಸಭೆಯಲ್ಲಿ. ಯುದ್ಧದ ಕಾಲ ಅದು. ನಾನು ಹಾನಗಲ್ಲಿನ ಕ್ರೈಸ್ತ ಶಾಲೆಯಲ್ಲಿ ಕಲಿಸುತ್ತಿದ್ದೆ, ಎಲ್ಲರಿಗೂ ಅಕ್ಕೋರು. ಪಕ್ಕದ ಮನೆಯಲ್ಲಿ ಸಭೆ ನಡೆಸುವ ಹಿರಿಯರೊಬ್ಬರು. ದೇವರ ಚಿತ್ತ ತಿಳಿಯಲು ಅವರದೊಂದು ಪದ್ಧತಿ: ಕಣ್ಣು ಮುಚ್ಚಿ ಸತ್ಯವೇದ, ಎಂದರೆ ಬೈಬಲ್ಲು, ತೆರೆಯುವುದು, ಬೆರಳು ಇಡುವುದು, ಬೆರಳಿಗೆ ಸಿಕ್ಕಿದ್ದನ್ನು ಅಪ್ಪಣೆಯೆಂದು ಸಾರುವುದು. ಹಿಂದಿನ ಮುಂದಿನ ಎರಡು ಸಾಲು ಓದಿ ನೋಡಿ ಎಂದರೆ ಅಕ್ಕೋರಿಗೆ ವಿಶ್ವಾಸ ಸಾಲದು ಎನ್ನುತ್ತಿದ್ದರು. ಪಂಚಾಂಗ ನೋಡುವವರನ್ನು ಕಂಡರೆ ಮಾತ್ರ ಈ ಪುಣ್ಯಾತ್ಮರಿಗೆ ಮೈಯೆಲ್ಲ ಉರಿ!

ಉಪವಾಸ

ಒಂದು ಬೆಳಿಗ್ಗೆ ಬೆರಳು ಉಪವಾಸದ ಮಾತಿನ ಮೇಲೆ ಬಿತ್ತು. ಒಲೆ ಹೊತ್ತಿಸಬಾರದೆಂದು ಹೆಂಡತಿಗೂ ಮಗಳಿಗೂ ಅಪ್ಪಣೆಯಾಯಿತು. ಅವರಿಬ್ಬರೂ ನೀರು ಕುಡಿದು ಕುಳಿತರು. ಹಿರಿಯರು ಸಭೆಯ ಕೆಲಸಕ್ಕೆಂದು ಸವಣೂರಿನ ಮೋಟಾರು ಹತ್ತಿದರು. ನಾನೂ ಅದೇ ಮೋಟಾರಿನಲ್ಲಿದ್ದೆ. ಮಧ್ಯಾಹ್ನ ನೋಡಿದರೆ ಅಲ್ಲಿಯ ವಿಶ್ವಾಸಿಯೊಬ್ಬರ ಮನೆಯಲ್ಲಿ ಕೂತು ಕೋಳಿ ಸಾರಿಗೆ ರೊಟ್ಟಿ ಅದ್ದುತ್ತಿದ್ದಾರೆ.

“ಹಿರಿಯರ, ಉಪವಾಸ ಏನಾತ್ರಿ?” ಎಂದೆ.

“ಅದು ನಮ್ಮ ಮನಿ ಪುಸ್ತಕದಾಗ ಬಂದದ್ದರಿ ಅಕ್ಕೋರ. ಇಲ್ಲಿ ಇವರ ಪುಸ್ತಕ ತಗದೆ, ಹಬ್ಬದ ಊಟ ಬಂತು. ದೇವರ ಮಾತು ಮೀರಾಕ ಬರ್ತೈತೇನ್ರಿ?”

ಎತ್ತು

ಹೆಂಡತಿಗೆ ಹಾಲಿಗೊಂದು ಎಮ್ಮೆ ಬೇಕಿತ್ತು. ಬೆರಳು ಇಟ್ಟರು. ಎದ್ದು ಹಾಸಿಗೆ ಎತ್ತು ಎಂದು ಸ್ವಾಮಿ ರೋಗಿಗೆ ಹೇಳುವ ಪ್ರಸಂಗ. ಬೆರಳ ತುದಿಗೆ ಸಿಕ್ಕ ಮಾತು ‘ಎತ್ತು’. ಎತ್ತನ್ನೇ ಕೊಳ್ಳಬೇಕೆಂದು ತೀರ್ಮಾನವಾಯಿತು.

“ಅದು ಹೊಲ ಉಳೋ ಎತ್ತಲ್ರಿ, ಮ್ಯಾಲ ಎತ್ತು ಅನ್ನೋದು” ಎಂದೆ.

“ನಿಮ್ಮ ವ್ಯಾಕರಣ ಸಾಲ್ಯಾಗ ಇಟ್ಕೋರಿ ಅಕ್ಕೋರ.”

ಅಕ್ಕಿಆಲೂರು ಸಂತೆಯಲ್ಲಿ ಎತ್ತು ಕೊಂಡರು. ನಾನೂ ಸಂತೆ ಮುಗಿಸಿ ಅವರ ಜೊತೆಗೇ ಹಾನಗಲ್ಲಿನ ದಾರಿ ಹಿಡಿದೆ. ಊರು ದಾಟಿದ್ದೇ ತಡ, ಎತ್ತು ನಡುರಸ್ತೆಯಲ್ಲಿ ಮಲಗಿತು. ಬೈದರು, ಬಡಿದರು, ಬಾಲ ತಿರುವಿದರು. ಏಳಲಿಲ್ಲ. ಹಿಂದೆ ಗಾಡಿಗಳು ನಿಂತು ಗಾಡಿಯವರು ಕೂಗತೊಡಗಿದರು. ನನಗೆ ತಡೆಯಲಾಗಲಿಲ್ಲ.

“ಹಿರಿಯರ, ದೇವರ ಮಾತಿನ ಅರ್ಥ ಈಗ ತಿಳೀತ್ರಿ. ಎತ್ರಿ!”

ಹಿರೇಕೆರೂರಿನ ವರ

ನಗು ಬಾರದಂಥ ಮಾತು ಎದ್ದದ್ದು ಮಗಳ ಮದುವೆಯ ವಿಷಯದಲ್ಲಿ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಜಾಣ ಹುಡುಗಿ. ನರ್ಸ್ ಆಗುವ ಆಸೆ ಅವಳಿಗೆ. ಹಿರಿಯರು ನೋಡಿದ್ದು ಹಿರೇಕೆರೂರಿನ ವಿಧುರನನ್ನು. ಅವನ ಹಿರೀ ಮಗನೇ ಈ ಹುಡುಗಿಗಿಂತ ದೊಡ್ಡವನು.

“ಅಕ್ಕೋರ, ದೇವರ ಹೆಸರ ಹೇಳಿ ನನ್ನ ಕೊಟ್ಟ ಬಿಡ್ತಾರ್ರಿ” ಎಂದು ನನ್ನ ಮುಂದೆ ಅತ್ತಳು.

ಈ ಸಲ ಹಿರಿಯರು ದೇವರನ್ನೂ ನಂಬಲಿಲ್ಲ. ಪುಸ್ತಕ ತಾನಾಗಿ ಅಲ್ಲೇ ತೆರೆದುಕೊಳ್ಳಲೆಂದು ದೇವರ ಚಿತ್ತವೆಂದು ಹುಡುಗಿಯನ್ನು ಕೊಟ್ಟುಬಿಡುವ ರೆಬೆಕ್ಕಳ ಮದುವೆಯ ಪುಟ ಬಿಡಿಸಿ, ವರನ ಕಡೆಯವರು ಬರುವ ಹಿಂದಿನ ದಿನವೇ ಅದರ ಮೇಲೆ ಕಾರ ಅರೆಯುವ ಗುಂಡುಕಲ್ಲು ಹೇರಿದರು. ಹೆಂಡತಿ ಕಾರ ಅರೆಯಲು ಗುಂಡು ಒಯ್ದಳು. ಅರೆದಾದ ಮೇಲೆ ಮತ್ತೆ ಪುಸ್ತಕದ ಮೇಲೆ ತಂದಿಟ್ಟಳು. ಆದರೆ ಬೇರೆ ಪುಟ ಬಿಡಿಸಿ ಇಟ್ಟಳು.

ವರನ ಕಡೆಯವರು ಬಂದು ಕುಳಿತರು. ನನ್ನನ್ನೂ ಕರೆದಿದ್ದರು. ಹಿರಿಯರು ಪ್ರಾರ್ಥಿಸಿ, ಕಣ್ಣು ಮುಚ್ಚಿ, ಪುಸ್ತಕ ಬಿಡಿಸಿ ಬೆರಳು ಇಟ್ಟರು. ಕಣ್ಣು ತೆರೆದು ಬೆರಳಿನ ಕೆಳಗೆ ನೋಡಿದರು. ಹಳೇ ಒಡಂಬಡಿಕೆ ಮುಗಿದು ಹೊಸದು ಶುರುವಾಗುವ ನಡುವಿನ ಖಾಲಿ ಹಾಳೆ ಅದು.

“ಏನ ಬಂತ್ರಿ?” ವರ ಕೇಳಿದ.

“ಏನೂ... ಏನೂ ಬರದಿಲ್ರಿ.”

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ಮಗಳ ಕಡೆ ತಿರುಗಿದಳು. “ನೀನರ ಹೇಳವಾ.”

“ನಾ ಒಲ್ಲೆ. ನಾ ನರ್ಸ್ ಕಲಿಯಾಕ ಹೋಗ್ತೇನಿ.”

ಹಿರಿಯರು ಗಡಿಬಿಡಿಯಿಂದ ಪುಸ್ತಕ ಮುಚ್ಚಿ ಮತ್ತೊಮ್ಮೆ ತೆರೆಯಲು ಹೋದರು. ಹೆಂಡತಿ ಅದರ ಮೇಲೆ ಕೈ ಇಟ್ಟಳು.

“ದೇವರ ಸುಮ್ನಾಗ್ಯಾನ. ಇನ್ನ ನೀವೂ ಸುಮ್ನಾಗ್ರಿ.”