ಆರು ಚಕ್ರದ ಗೃಹಪ್ರವೇಶ

ಬಣ್ಣದ ಅಂಗಡಿ ಬಸವಪ್ರಭುವಿಗೆ ಐವತ್ತೇಳು ತುಂಬಿತ್ತು. ಇಷ್ಟು ವರ್ಷದಲ್ಲಿ ಆತ ಪರವೂರಿನ ಒಂದು ರಾತ್ರಿಯನ್ನಾದರೂ ನೆಂಟರ ಮನೆಯಲ್ಲದೆ ಬೇರೆ ಕಡೆ ಕಳೆದವನಲ್ಲ. ಇದನ್ನು ಯಾರಾದರೂ ಪುಣ್ಯ ಅಂದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ತುಮಕೂರಿನಲ್ಲಿ ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು, ಲಾಡ್ಜಿನಲ್ಲಿ ಇಳಿದುಕೊಳ್ಳುವ ತಾಕತ್ತು ಇರಲಿಲ್ಲವೆಂದಲ್ಲ. ಆದರೆ ಯಾವ ಊರಿನ ಹೆಸರೆತ್ತಿದರೂ ಹೆಂಡತಿ ಸರ್ವಮಂಗಳಮ್ಮನಿಗೆ ಅಲ್ಲೊಬ್ಬರು ನೆಂಟರು ಸಿಕ್ಕಿಬಿಡುತ್ತಿದ್ದರು.

“ನಮ್ಮೋರ ಮನೆ ಇಟ್ಕಂಡು ಲಾಡ್ಜಲ್ಲಿ ಮಲಗೋದಾ? ನೋಡ್ದೋರು ಏನಂದಾರು?”

ನೋಡಿದವರು ಏನೂ ಅನ್ನದಿರಲೆಂದು ಬಸವಪ್ರಭು ಮೂವತ್ತು ವರ್ಷ ಕಂಡವರ ಮನೆಯ ಚಾಪೆ, ಜಮಖಾನ, ಮಂಚಗಳ ಮೇಲೆ ಬೆನ್ನು ಸವೆಸಿದ್ದ. ಇವುಗಳಲ್ಲೆಲ್ಲ ಘನಘೋರವಾದದ್ದು ಕುಣಿಗಲ್‌ನ ಷಡ್ಡಕ ಗಂಗಣ್ಣನ ಮನೆಯ ನವಾರದ ಮಂಚ. (ಗಂಗಣ್ಣ ಅಂದರೆ ಸರ್ವಮಂಗಳಮ್ಮನ ಅಕ್ಕ ಉಮಾಮಹೇಶ್ವರಿಯ ಗಂಡ. ಒಂದೇ ಬಾವಿಗೆ ನಾಲ್ಕು ವರ್ಷ ಮೊದಲು ಬಿದ್ದವನು.) ಆ ಮಂಚದ ಮೇಲೆ ಮಲಗಿದರೆ ತಲೆಯೂ ಕಾಲೂ ಮೇಲಿರುತ್ತಿದ್ದವು, ಮಿಕ್ಕ ಪ್ರಭು ನೆಲಕ್ಕೆ ತಾಗುತ್ತಿದ್ದ. ಬೆಳಗ್ಗೆ ಎದ್ದ ಕೂಡಲೇ ಗಂಗಣ್ಣ “ನಿದ್ದೆ ಬಂತೇನ್ಲಾ ಪ್ರಭು?” ಅಂತ ಕೇಳಿ, ಉತ್ತರಕ್ಕೆ ಕಾಯದೆ “ಶುಗರ್ ಎಷ್ಟದೆ?” ಅನ್ನುತ್ತಿದ್ದ.

ಸಮುದ್ರವನ್ನೂ ಅವನು ನೋಡಿದ್ದು ನೆಂಟರ ಜೊತೆಗೇ. ಒಂದು ಟೂರಿಸ್ಟ್ ಬಸ್ಸು, ಮೂವತ್ತೆರಡು ಜನ, ಮಲ್ಪೆ. ಎಲ್ಲರೂ ಕೇಕೆ ಹಾಕಿಕೊಂಡು ನೀರಿಗಿಳಿದರು. ಗುಬ್ಬಿಯ ಭಾಮೈದ ಮಲ್ಲಿಕಾರ್ಜುನ್ ಮಾತ್ರ ಒಂದು ಕ್ಷಣ ನಿಂತು, “ಭಾವ, ನಾಯಿ ಓಡಾಡ್ತಾವೆ, ಚಪ್ಪಲಿ ಕಡೆ ಒಂಚೂರು ನೋಡ್ಕಳಿ” ಅಂತ ಹೇಳಿ ತಾನೂ ಓಡಿದ. ಮೂವತ್ತೊಂದು ಜೊತೆ ಚಪ್ಪಲಿಯ ಮಧ್ಯೆ ಮರಳಿನಲ್ಲಿ ಕೂತ ಬಸವಪ್ರಭುವಿನ ಕಾಲಿಗೆ ಅವತ್ತು ಒಂದು ಅಲೆಯೂ ತಾಕಲಿಲ್ಲ. ಒಂದೇ ಒಂದು ಸಲ, ಹಿಂದೆ ಮುಂದೆ ಯಾರೂ ಇಲ್ಲದೆ, ಹೆಂಡತಿಯ ಕೈ ಹಿಡಿದು ಆ ನೀರಿನಲ್ಲಿ ನಿಲ್ಲಬೇಕು, ರಾತ್ರಿ ತನ್ನದೇ ಸೂರಿನ ಕೆಳಗೆ ಕಾಲು ಚಾಚಿ ಮಲಗಬೇಕು ಅನ್ನುವ ಆಸೆ ಹನ್ನೆರಡು ವರ್ಷದಿಂದ ಅವನ ಎದೆಯಲ್ಲಿ ಕೂತಿತ್ತು.

ಆ ಆಸೆಯೇ ಕಳೆದ ವಾರ ಬೆಂಗಳೂರಿನಿಂದ ಹೊರಟು ಮನೆ ಮುಂದೆ ಬಂದು ನಿಂತಿತು. ಇಪ್ಪತ್ತಾರು ಅಡಿ ಉದ್ದದ ಬೆಳ್ಳನೆಯ ಮೋಟರ್‌ಹೋಮ್! ಒಳಗೆ ಒಲೆ, ಫ್ರಿಜ್ಜು, ಸೋಫಾ, ನಾಲ್ಕು ಜನಕ್ಕೆ ಹಾಸಿಗೆ, ಕಕ್ಕಸು ಸಮೇತ ಬಚ್ಚಲು. ಎದುರುಮನೆ ಲಕ್ಷ್ಮೀನರಸಿಂಹಯ್ಯನವರು ಅಂದಿನಿಂದ ತಮ್ಮ ಕಾರನ್ನು ಹೊರಗೆ ತೆಗೆಯಲಾಗದೆ ಆಟೋದಲ್ಲಿ ಓಡಾಡುತ್ತಿದ್ದರು.

“ಮಂಗಳಾ, ಇನ್ಮೇಲೆ ನಾವು ಯಾರ ಮನೆಗೂ ಹೋಗಂಗಿಲ್ಲ ಕಣೇ. ನಮ್ಮನೇನೇ ನಮ್ ಜೊತೆ ಬರ್ತದೆ!” ಬಸವಪ್ರಭು ಮಗುವಿನ ಹಾಗೆ ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ತೋರಿಸಿದ.

“ಮನೆ ಅಂತೀರಾ?” ಸರ್ವಮಂಗಳಮ್ಮನ ಕಣ್ಣು ಅರಳಿತು. (ಆ ಕಣ್ಣು ಹಾಗೆ ಅರಳಿದಾಗ ಹುಷಾರಾಗಬೇಕೆಂದು ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಗೊತ್ತಿರಬೇಕಿತ್ತು.) “ಹಂಗಾದ್ರೆ ಹಾಲುಕ್ಕಿಸ್ಬೇಕು.”

“ಗಾಡಿ ಕಣೇ ಇದು! ಚಕ್ರಕ್ಕೆ ನಿಂಬೆಹಣ್ಣಿಟ್ಟು ಹತ್ತಿಸಿದ್ರೆ ಮುಗೀತು.”

“ಒಲೆ ಇರೋದು ಗಾಡಿ ಹೆಂಗಾಯ್ತದೆ? ಹಾಲುಕ್ಕಿಸ್ದಿರೋ ಒಲೇಲಿ ನಾನು ಒಂದ್ ಲೋಟ ಕಾಫೀನೂ ಕಾಯ್ಸಲ್ಲ.”

ಮಾತು ಕಾಫಿಗೆ ಬಂದ ಮೇಲೆ ಬಸವಪ್ರಭು ಸಂಧಾನಕ್ಕಿಳಿದ. ಹಾಲು ಉಕ್ಕಲಿ, ನಿಂಬೆಹಣ್ಣೂ ಇರಲಿ. ಆದರೆ ಇರುವುದು ಗಂಡ ಹೆಂಡತಿ ಇಬ್ಬರೇ. ನೆಂಟರಲ್ಲಿ ಒಂದು ನರಪಿಳ್ಳೆಯನ್ನೂ ಕರೆಯಕೂಡದು.

“ಯಾರ್ನೂ ಕರ್ಯಲ್ಲ. ನಿಮ್ಮಾಣೆ” ಅಂದಳು ಸರ್ವಮಂಗಳಮ್ಮ.

ದಾರಿಯನ್ನು ಬಸವಪ್ರಭು ದಂಡನಾಯಕನ ಗಾಂಭೀರ್ಯದಿಂದ ಗೊತ್ತುಮಾಡಿದ. ಗುಬ್ಬಿ ಮೇಲೆ ಹೋದರೆ ಗುಬ್ಬಿಯಲ್ಲಿ ಹೆಂಡತಿ ಕಡೆಯ ಹನ್ನೊಂದು ಮನೆ, ಮುಂದೆ ನಿಟ್ಟೂರಿನಲ್ಲಿ ನಾಲ್ಕು. ಕುಣಿಗಲ್ ಮೇಲೆ ಹೋದರೆ ಗಂಗಣ್ಣನದೊಂದೇ, ಅದೂ ಊರೊಳಗೆ. ಗಂಗಣ್ಣ ಹಲ್ಲುಜ್ಜುವುದರೊಳಗೆ ಹೆದ್ದಾರಿ ಹಿಡಿದರೆ ಹಾಸನ, ಘಾಟಿ, ಸಂಜೆಗೆ ಸಮುದ್ರ!

ಶನಿವಾರ ಬೆಳಗಾಗುವ ಮೊದಲೇ ಮೋಟರ್‌ಹೋಮಿನ ಬಾಗಿಲಿಗೆ ಮಾವಿನ ತೋರಣ ಬಂತು, ಬಾಗಿಲ ಮುಂದೆ ರಸ್ತೆಯ ಮೇಲೆ ಮೂರಡಿ ರಂಗೋಲಿ ಬಂತು. ಹಾಲು ಉಕ್ಕಿ ಒಲೆಯ ನಾಲ್ಕೂ ಕಡೆ ಹರಿಯಿತು. ಸರ್ವಮಂಗಳಮ್ಮ ಕೈಮುಗಿದು, ಫೋಟೋ ತೆಗೆದು, ಮೊಬೈಲಿನಲ್ಲಿ ಏನೋ ಕುಟ್ಟಿದಳು. ನಿಂಬೆಹಣ್ಣುಗಳು ಆರೂ ಚಕ್ರದಡಿ ಚಪ್ಪಟೆಯಾದವು. ಮನೆ ಮುಂದಕ್ಕೆ ಹೋಯಿತು, ಮನೆ ಮುಂದಿನ ರಂಗೋಲಿ ಹಿಂದೆ ಉಳಿಯಿತು.

“ರಂಗೋಲಿ ಬಿಟ್ಟೇ ಬಂದ್ವಲ್ರೀ!”

“ಸಮುದ್ರದ ದಂಡೇಲಿ ಇನ್ನೊಂದು ಹಾಕುವಂತೆ. ಹಿಡ್ಕಂಡು ಕೂತ್ಕೋ!”

ಹರೆಯದಲ್ಲಿ ಅಪ್ಪನ ಕೊಬ್ಬರಿ ಲಾರಿ ಓಡಿಸಿದ ಕೈ ಅದು. ಊರು ದಾಟಿದ್ದೇ ತಡ, ಆ ಎತ್ತರದ ಸೀಟಿನಲ್ಲಿ ಕೂತ ಬಸವಪ್ರಭುವಿಗೆ ವಯಸ್ಸು ಒಂದೊಂದಾಗಿ ಕಳಚಿಕೊಂಡಿತು. ಕಾರುಗಳು ಪಕ್ಕಕ್ಕೆ ಸರಿದವು, ರಾಗಿ ಹೊಲದಲ್ಲಿದ್ದವರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಒಂದೊಂದು ರೋಡ್ ಹಂಪ್‌ಗೂ ಹಿಂದಿನ ಅಡುಗೆಮನೆಯಲ್ಲಿ ಪಾತ್ರೆಗಳ ತಾಳಮೇಳ. ಅದರ ನಡುವೆ ಸರ್ವಮಂಗಳಮ್ಮನ ಫೋನು ಬಿಡದೆ ಟಿಂಗ್ ಟಿಂಗ್ ಅನ್ನುತ್ತಿತ್ತು.

“ಯಾರೇ ಅದು?”

“ಯಾರಿಲ್ಲ, ಗುಡ್ ಮಾರ್ನಿಂಗ್ ಮೆಸೇಜು” ಅಂದಳು, ಕಿಟಕಿಯ ಕಡೆ ಮುಖ ಮಾಡಿ.

ಹೆಬ್ಬೂರಿನ ಹಂಪಿನಲ್ಲಿ ಗಾಡಿ ನಿಧಾನವಾಗಿದ್ದೇ ಸಾಕು, ಹೂವಿನ ಕುಕ್ಕೆ ಹಿಡಿದ ಹೆಂಗಸೊಬ್ಬಳು ಬಾಗಿಲು ತೆಗೆದು ಹತ್ತೇಬಿಟ್ಟಳು. ಸೋಫಾದ ಮೇಲೆ ಕೂತು, ಅತ್ತಿತ್ತ ನೋಡಿ, “ಕುಣಿಗಲ್ ಒಂದ್ ಕೊಡಿ. ಏನ್ ಬಸ್ಸವ್ವಾ ಇದು, ಒಲೆ ಎಲ್ಲಾ ಮಡಗವ್ರೆ!” ಅಂದಳು. ಇಳಿಸೋಣವೆಂದು ಬಸವಪ್ರಭು ತಿರುಗುವಷ್ಟರಲ್ಲಿ ಸರ್ವಮಂಗಳಮ್ಮ ಆಕೆಯ ಕೈಗೆ ಕಾಫಿ ಕೊಟ್ಟಾಗಿತ್ತು. ಹಾಲುಕ್ಕಿದ ಮನೆಗೆ ಮೊದಲು ಬಂದ ಹೂವಿನವಳನ್ನು ಇಳಿಸುವುದುಂಟೇ? ಆಕೆ ತೋರಣದ ಪಕ್ಕ ಎರಡು ಮೊಳ ಸೇವಂತಿಗೆಯನ್ನೂ ಕಟ್ಟಿದಳು.

ಕುಣಿಗಲ್ ಬಂತು. ಹೂವಿನವಳು ಇಳಿದಳು. ಇನ್ನು ಎರಡು ತಿರುವು ದಾಟಿದರೆ ಹೆದ್ದಾರಿ. ಬಸವಪ್ರಭು ಒಂದು ತಿರುವನ್ನು ದಾಟಿದ. ಎರಡನೆಯದರಲ್ಲಿ ರಸ್ತೆಯ ನಟ್ಟನಡುವೆ, ಪಂಚೆ ಎತ್ತಿಕಟ್ಟಿ, ಎರಡು ಕೈಯಲ್ಲೂ ತೆಂಗಿನಕಾಯಿ ಎತ್ತಿ ಹಿಡಿದು ನಿಂತಿದ್ದವನು ಗಂಗಣ್ಣ. ಅವನ ಹಿಂದೆ ಐದು ಕಾರು, ಒಂದು ಟೆಂಪೋ. ಗುಬ್ಬಿಯ ಹನ್ನೊಂದು ಮನೆ, ನಿಟ್ಟೂರಿನ ನಾಲ್ಕು ಮನೆ, ಒಂದೂ ತಪ್ಪಿರಲಿಲ್ಲ!

ಬಸವಪ್ರಭು ಬ್ರೇಕ್ ಒತ್ತಿದ. “ಯಾರ್ನೂ ಕರ್ಯಲ್ಲ ಅಂತ ನನ್ ಮೇಲೆ ಆಣೆ ಇಟ್ಟಿದ್ದಲ್ಲೇ?”

“ನಾನೆಲ್ಲಿ ಕರ್ದೆ? ನಾಳೆ ಹಾಲುಕ್ಕಿಸ್ತೀವಿ ಅಂತ ನಿನ್ನೆ, ಹಾಲುಕ್ಕಿತು, ಕುಣಿಗಲ್ ಮೇಲೆ ಹೋಗ್ತಿದೀವಿ ಅಂತ ಇವತ್ತು, ನಮ್ಮೋರ ಗ್ರೂಪಲ್ಲಿ ತಿಳಿಸ್ದೆ ಅಷ್ಟೇ. ಹಾಲುಕ್ಕಿದ್ದನ್ನ ತಿಳಿಸ್ದೇ ಇರಕ್ಕಾಗ್ತದೇನ್ರೀ? ಅಪಶಕುನ.”

ಗಂಗಣ್ಣ ಕಿಟಕಿಯ ಕೆಳಗೆ ಬಂದು ನಿಂತ. “ಏನ್ಲಾ ಪ್ರಭು! ಹಾಲುಕ್ಸಿ, ಒಬ್ರಿಗೂ ಉಣ್ಣಕ್ಕಿಕ್ದೆ, ಮನೆ ಸಮೇತ ಓಡೋಯ್ತಿದೀಯ?”

ಚಾಪೆ ಕೆಳಗೆ ತೂರಿದವನಿಗೆ ರಂಗೋಲಿ ಕೆಳಗೆ ತೂರುವವರು ಎದುರಾದರೆ ಮಾಡುವುದೇನು? ಗೃಹಪ್ರವೇಶದ ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸಿದ ಅಂತ ಅನ್ನಿಸಿಕೊಂಡರೆ ಮಠದ ದಾಸೋಹದಲ್ಲೂ ತಲೆಯೆತ್ತಿ ಕೂರುವಂತಿಲ್ಲ. “ಒಂದೇ ಗಂಟೆ ಗಂಗಣ್ಣ. ಸಂಜೆಗೆ ಸಮುದ್ರ ಸೇರ್ಬೇಕು” ಅಂತ ಬಸವಪ್ರಭು ಅಂಗಲಾಚಿದ. “ಅರ್ಧ ಗಂಟೆ ಸಾಕು. ಹೋಳಿಗೆ ನಿಮ್ಮತ್ತಿಗೆ ಆಗ್ಲೇ ಮಾಡವ್ಳೆ” ಅಂತ ಗಂಗಣ್ಣ ಅಭಯ ಕೊಟ್ಟು, ಮೆರವಣಿಗೆಯನ್ನು ಕೆರೆಯ ಪಕ್ಕದ ಬಯಲಿಗೆ ನಡೆಸಿದ.

ನಿಲ್ಲಿಸಿದ್ದಾಯಿತು. ಗಂಗಣ್ಣ ಮೊಬೈಲಿನಲ್ಲಿ ದಿಕ್ಕು ನೋಡಿ ಹೌಹಾರಿದ.

“ಅಡುಗೆಮನೆ ವಾಯುವ್ಯಕ್ಕೆ ಬಂದದಲ್ಲೋ! ಇದ್ರಲ್ಲಿ ಪಾಯಸ ಕಾಯ್ಸದ್ರೆ ಮನೇಲಿ ದಿನಾ ಜಗಳ.”

“ಗಾಡಿ ಗಂಗಣ್ಣ ಇದು. ತಿರುವು ಬಂದಾಗೆಲ್ಲ ದಿಕ್ಕು ಬದ್ಲಾಗ್ತದೆ.”

“ಅದ್ಕೇ ಹೇಳ್ತಿರೋದು, ತಿರುಗ್ಸು. ಆಗ್ನೇಯಕ್ಕೆ ತಾ.”

ಜಗಳದ ಮಾತು ಕೇಳಿದ ಸರ್ವಮಂಗಳಮ್ಮ “ತಿರುಗ್ಸಿ ಅಂದ್ರೆ ತಿರುಗ್ಸಬಾರ್ದೇನ್ರೀ” ಅಂತ ಜಗಳವಾಡಿದಳು. ಬಸವಪ್ರಭು ರಿವರ್ಸ್ ಹಾಕಿದ. ಮಲ್ಲಿಕಾರ್ಜುನ್ ಹಿಂದೆ ನಿಂತು “ಬರ್ಲಿ ಭಾವ, ಬರ್ಲಿ, ಬರ್ಲಿ, ಇನ್ನೂ ಐತೆ” ಅಂದ. ಇನ್ನೂ ಇದ್ದದ್ದು ಕೆರೆಯ ಹಸಿ ಮಣ್ಣು. ಹಿಂದಿನ ನಾಲ್ಕು ಚಕ್ರ ಅದರಲ್ಲಿ ಗುಳಕ್ಕನೆ ಕೂತವು. ಅಡುಗೆಮನೆ ಸರಿಯಾಗಿ ಆಗ್ನೇಯಕ್ಕೆ ಬಂದಿತ್ತು.

ಆಕ್ಸಿಲರೇಟರ್ ತುಳಿದಷ್ಟೂ ಮೋಟರ್‌ಹೋಮ್ ಇಳಿಯಿತು. ಫೋನ್ ಮಾಡಿದರೆ ಟ್ರ್ಯಾಕ್ಟರಿನವನು “ನಾಳೆ ಬೆಳಗ್ಗೆ ಬತ್ತೀನಿ ಬುಡಿ ಸಾ” ಅಂದ. ಗಂಗಣ್ಣ ಮಾತ್ರ ಗೋಡೆಗೆ ಕೈಹಚ್ಚಿ ಜೋರಾಗಿ ತಳ್ಳಿ ನೋಡಿ, ತೃಪ್ತಿಯಿಂದ ತಲೆಯಾಡಿಸಿದ. “ಈಗ ಮನೆ ಆಯ್ತು ನೋಡು. ಮನೆ ಅಂದ್ರೆ ಅಲ್ಲಾಡಬಾರ್ದು.”

ಮುಂದಿನದು ಸಾಕ್ಷಾತ್ ಗೃಹಪ್ರವೇಶ. ಒಂದು ಪಂಕ್ತಿಗೆ ಎಂಟು ಜನರಂತೆ ಏಳು ಪಂಕ್ತಿ. ಮುಯ್ಯಿ ಬಂತು: ಐದು ಗೋಡೆ ಗಡಿಯಾರ, ಮೂರು ಕುಕ್ಕರು, ಮಲ್ಲಿಕಾರ್ಜುನನ ವೆಟ್ ಗ್ರೈಂಡರು. ಬಂದವರೆಲ್ಲ ಕಕ್ಕಸನ್ನು ನೋಡಿದರು, ಕೆಲವರು ಬರೀ ನೋಡಿ ಸುಮ್ಮನಾಗಲಿಲ್ಲ. ಮೂರನೇ ಪಂಕ್ತಿಗೆ ನೀರಿನ ಟ್ಯಾಂಕು ಖಾಲಿಯಾಯಿತು, ಐದನೆಯದಕ್ಕೆ ಕಕ್ಕಸಿನ ಟ್ಯಾಂಕು ತುಂಬಿ ಕೆಂಪು ದೀಪ ಹತ್ತಿತು. ದೀಪ ಚೆನ್ನಾಗಿದೆಯೆಂದು ಎಲ್ಲರೂ ಹೊಗಳಿದರು.

ಹೊಸ ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲವಲ್ಲ. ಬಾಗಿಲ ಬಳಿ ಐವತ್ತಕ್ಕೂ ಹೆಚ್ಚು ಜೊತೆ ಸೇರಿದವು.

“ಭಾವ,” ಮಲ್ಲಿಕಾರ್ಜುನ್ ಮೆಟ್ಟಿಲ ಮೇಲೆ ನಿಂತು ಕೂಗಿದ, “ನಾಯಿ ಓಡಾಡ್ತಾವೆ. ಚಪ್ಪಲಿ ಕಡೆ ಒಂಚೂರು ನೋಡ್ಕಳಿ.”

ಮನೆಯ ಯಜಮಾನ ಮನೆಯ ಹೊರಗೆ, ಚಪ್ಪಲಿಗಳ ಮಧ್ಯೆ, ಕೆರೆಗೆ ಮುಖ ಮಾಡಿ ಕೂತ. ಕೆರೆ ತುಂಬಿತ್ತು. ಗಾಳಿಗೆ ಸಣ್ಣ ಸಣ್ಣ ಅಲೆಗಳು ಬಂದು ದಡಕ್ಕೆ ತಾಕುತ್ತಿದ್ದವು. ಬಸವಪ್ರಭುವಿಗೆ ನಿಜವಾಗಿಯೂ ಅಳು ಬಂತು.

ಸ್ವಲ್ಪ ಹೊತ್ತಿಗೆ ಸರ್ವಮಂಗಳಮ್ಮ ಎಲೆಯಲ್ಲಿ ಎರಡು ಹೋಳಿಗೆ ಹಿಡಿದು ಬಂದು ಪಕ್ಕದಲ್ಲಿ ಕೂತಳು. ಹೋಳಿಗೆಯ ಮೇಲೆ ತುಪ್ಪ ಸುರಿದಳು. ಆಮೇಲೆ ಸೀರೆಯ ಅಂಚು ಎತ್ತಿ ಹಿಡಿದು, “ಏಳಿ, ಇಷ್ಟ್ ನೀರದೆ, ಕಾಲಾದ್ರೂ ಇಳಿಬಿಡನ” ಅಂದಳು. ಇಬ್ಬರೂ ಮೊಣಕಾಲುದ್ದ ನೀರಿನಲ್ಲಿ ನಿಂತರು. ಅವನು ಅವಳ ಕೈ ಹಿಡಿದುಕೊಂಡ. ಅಲೆ ಬಂತು, ಕಾಲಿಗೆ ತಾಕಿತು. ಎರಡೇ ನಿಮಿಷ. ಅಷ್ಟರಲ್ಲಿ ನಾಯಿಯೊಂದು ಗಂಗಣ್ಣನ ಎಡಗಾಲಿನ ಚಪ್ಪಲಿ ಕಚ್ಚಿಕೊಂಡು ಓಡಿತು, ಬಸವಪ್ರಭು ಅದರ ಹಿಂದೆ ಓಡಿದ.

ಆದರೂ ಅವನ ಉತ್ಸಾಹ ಪೂರ್ತಿ ಬತ್ತಲಿಲ್ಲ. ಸಮುದ್ರ ನಾಳೆ ಸಿಕ್ಕೀತು. ರಾತ್ರಿಯಂತೂ ಸ್ವಂತ ಸೂರು, ಮೆತ್ತನೆಯ ಹಾಸಿಗೆ! ದೀಪ ಹಚ್ಚುವ ಹೊತ್ತಿಗೆ ಕಾರುಗಳು ಗುಬ್ಬಿಯ ಕಡೆ ಹೊರಟವು. ಕೆಲವರು ಹೊರಡಲಿಲ್ಲ. ಬಸವಪ್ರಭು ಆಕಳಿಸುತ್ತ ಮೆಟ್ಟಿಲು ಹತ್ತಿದ. ಉಮಾಮಹೇಶ್ವರಿ ಬಾಗಿಲಲ್ಲೇ ತಡೆದಳು.

“ಮೊದಲ್ನೇ ದಿನ ಹೊಸ ಮನೇಲಿ ದೀಪ ಆರಬಾರ್ದು ಪ್ರಭು. ಮುತ್ತೈದೇರು ಮಲಗ್ತೀವಿ. ನಾನು, ಮಂಗಳ, ಮಲ್ಲಿಕಾರ್ಜುನನ ಹೆಂಡ್ತಿ, ನಿಟ್ಟೂರು ಅತ್ತೆ. ನಾಲ್ಕ್ ಹಾಸಿಗೆ ಸರಿಯಾಯ್ತು.”

“ನಾನು ಸೋಫಾ ಮೇಲೆ...”

ಸೋಫಾದ ಮೇಲೆ ವೆಟ್ ಗ್ರೈಂಡರು ಮಲಗಿತ್ತು. ಡ್ರೈವರ್ ಸೀಟಿನಲ್ಲಿ ಐದು ಗಡಿಯಾರಗಳು ಐದು ಬಗೆಯ ಹೊತ್ತು ತೋರಿಸುತ್ತ ಕೂತಿದ್ದವು. ಒಳಗಿನಿಂದ ಸರ್ವಮಂಗಳಮ್ಮ ಒಂದು ದಿಂಬು ಎಸೆದಳು. “ಭಾವನ ಜೊತೆ ಹೋಗಿ ಮಲ್ಕಳ್ರೀ. ಬೆಳಗ್ಗೆ ಬರ್ತಾ ಅರ್ಧ ಲೀಟರ್ ಹಾಲು ತನ್ನಿ.”

ದಿಂಬನ್ನು ಬಗಲಿಗೆ ಇಟ್ಟುಕೊಂಡು ಬಸವಪ್ರಭು ಗಂಗಣ್ಣನ ಹಿಂದೆ ನಡೆದ. ಗಂಗಣ್ಣನ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. ದಾರಿಯುದ್ದಕ್ಕೂ ಆತ ಮಲ್ಪೆಗೆ ಯಾರ್‍ಯಾರು ಬರುವುದೆಂದು ಹೇಳುತ್ತಿದ್ದ. ಇಬ್ಬರೇ ಹೋದರೆ ಬೇಸರವಾಗುತ್ತದೆ ಅಂತ ಹನ್ನೆರಡು ಜನ ಒಪ್ಪಿಕೊಂಡಿದ್ದರಂತೆ.

ಮನೆಯ ಜಗಲಿಯ ಮೇಲೆ ಗಂಗಣ್ಣನ ತಾಯಿ ಚೆನ್ನಮ್ಮಜ್ಜಿ ಎಲೆಅಡಿಕೆ ಕುಟ್ಟುತ್ತ ಕೂತಿದ್ದಳು. ಒಳಗೆ ನವಾರದ ಮಂಚ ಹಾಸಿ ಸಿದ್ಧವಾಗಿರುವುದು ಬಾಗಿಲಿನಿಂದಲೇ ಕಾಣುತ್ತಿತ್ತು.

“ಯಾರ್ಲಾ ಗಂಗ ಅದು?”

“ನಮ್ ಪ್ರಭು ಕಣವ್ವಾ, ತುಮ್ಕೂರು ಪ್ರಭು.”

“ಬಾರಪ್ಪಾ. ಯಾವ್ ಬಸ್ಸಿಗೆ ಬಂದೆ?”

“ಬಸ್ಸಲ್ಲ ಕಣವ್ವಾ!” ಗಂಗಣ್ಣ ಹೆಮ್ಮೆಯಿಂದ ಅಜ್ಜಿಯ ಕಿವಿಯ ಬಳಿ ಕೂಗಿದ. “ಮನೇನೇ ತಗಂಡ್ ಬಂದವ್ನೆ. ಒಲೆ, ಬಚ್ಚಲು, ನಾಲ್ಕ್ ಹಾಸಿಗೆ, ಎಲ್ಲಾ ಅವೆ. ಕೆರೆ ತಾವ ನಿಲ್ಸವ್ನೆ.”

ಅಜ್ಜಿ ಕುಟ್ಟುವುದನ್ನು ನಿಲ್ಲಿಸಿ ಬಸವಪ್ರಭುವನ್ನೂ ಅವನ ಬಗಲಿನ ದಿಂಬನ್ನೂ ಬಹಳ ಹೊತ್ತು ನೋಡಿದಳು.

“ಮನೆ ತಗಂಡ್ ಬಂದೋನು, ಮಲಗಕ್ಕೆ ಇಲ್ಲಿಗ್ಯಾಕಪ್ಪಾ ಬಂದೆ?”