ಏರಿ ಗಟ್ಟಿ, ಕೋಡಿ ಸ್ವಚ್ಛ

ಜುಲೈ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಭಾಗೀರಥಿ ಮೇಡಂ ಅವರ ಕಾರು ಪುಂಡರೀಕಾಕ್ಷನ ಬಿಲ್ಡಿಂಗ್ ಕೆಳಗೆ ನಿಂತು ಹಾರ್ನ್ ಹೊಡೆದದ್ದೇ ಎಲ್ಲ ಅನಾಹುತಕ್ಕೂ ಮೂಲ.

"ಇವತ್ತು ಮಂಡಿನೋವು, ಹೊಟ್ಟೆನೋವು ಏನೂ ನಡೆಯಲ್ಲ ಕಣ್ರೀ. ಹತ್ತಿ ಕಾರು!"

ಡೊಂಬಿವಲಿಯ ಎಂಟು ಕನ್ನಡ ಮನೆಗಳವರು ಸೇರಿ ಅಂಬರನಾಥದ ಆಚೆ ಗುಡ್ಡದ ಬುಡದಲ್ಲಿ ಎರಡೆಕರೆ ಜಾಗ ಕೊಂಡಿದ್ದರು. ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸಿ, ಪುಟ್ಟ ಕೆರೆ ಮಾಡಿಕೊಂಡು, ಎರಡು ಪೆಡಲ್ ದೋಣಿ ಬಿಟ್ಟಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಭಾಗೀರಥಿ ಮೇಡಂ ಅಧ್ಯಕ್ಷೆ. ಠಾಣೆಯ ಆಫೀಸೊಂದರಲ್ಲಿ ಗುಮಾಸ್ತನಾಗಿದ್ದ ಪುಂಡರೀಕಾಕ್ಷನಿಗೆ, ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ, ಏರಿಯ ಉಸ್ತುವಾರಿ ಅಂಟಿಕೊಂಡಿತ್ತು. ತಿಂಗಳಿಗೊಮ್ಮೆ ಹೋಗಿ ನೋಡಬೇಕು, ನೋಡಿದ್ದನ್ನು ಪುಸ್ತಕದಲ್ಲಿ ಬರೆಯಬೇಕು.

ಮೊದಲ ತಿಂಗಳು ಮಳೆ ಬಂತು, ಹೋಗಲಿಲ್ಲ, ಬರೆದ. ಎರಡನೆಯ ತಿಂಗಳು ಮಳೆ ಬರಲಿಲ್ಲ. ಆದರೂ ಹೋಗಲಿಲ್ಲ, ಬರೆದ. ಆಮೇಲೆ ಅದೇ ರೂಢಿಯಾಯಿತು. ಲೋಕಲ್ ರೈಲಿನಲ್ಲಿ ಕೂರಲು ಜಾಗ ಸಿಕ್ಕಿದ ದಿನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, 'ಏರಿ ಗಟ್ಟಿ, ಕೋಡಿ ಸ್ವಚ್ಛ, ತೂಬಿಗೆ ಎಣ್ಣೆ ಹಾಕಲಾಗಿದೆ' ಎಂದು ಗೀಚಿಬಿಡುತ್ತಿದ್ದ. ಹೀಗೆ ಮೂರು ವರ್ಷ. ಡಿಸೆಂಬರಿನ ಪಿಕ್‌ನಿಕ್‌ಗಳಿಗೂ ಅವನು ಹೋದವನಲ್ಲ. ಹೋದರೆ ಯಾರಾದರೂ ಏನಾದರೂ ಕೇಳಿಬಿಟ್ಟಾರು ಎಂಬ ಭಯ.

ಈ ಸಲ ಮಳೆಗಾಲದ ಕೆರೆ ನೋಡಬೇಕೆಂದು ಮೇಡಂಗೆ ಹುಕಿ ಬಂದು, ಎಲ್ಲ ಮನೆಯವರನ್ನೂ ಹೊರಡಿಸಿದ್ದರು.

ಕೆರೆ ತುಂಬಿ ತುಳುಕುತ್ತಿತ್ತು. ಕಲ್ಯಾಣದಲ್ಲಿ ಹೋಟೆಲ್ ಇಟ್ಟಿರುವ ಜಯಶೀಲ ಇಡ್ಲಿಯ ಡಬ್ಬ ಬಿಚ್ಚುವಷ್ಟರಲ್ಲಿ ಮೇಡಂ ಏರಿಯ ಕೆಳಬದಿಯಿಂದ ಕೂಗಿದರು.

"ಪುಂಡರೀಕಾಕ್ಷ ಅವರೇ, ಇಲ್ಲಿ ಬುಡದಲ್ಲಿ ನೀರು ಜಿನುಗ್ತಾ ಇದೆಯಲ್ರೀ. ಏನಿದು?"

ಪುಂಡರೀಕಾಕ್ಷ ಇಳಿದು ನೋಡಿದ. ಹುಲ್ಲಿನ ನಡುವೆ ಬೆರಳು ಹೋಗುವಷ್ಟು ತೂತು, ಅದರಿಂದ ತಿಳಿನೀರು. ಅದೇನೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ.

"ಅದು ಒರತೆ ಮೇಡಂ. ಮೊದಲಿನಿಂದ್ಲೂ ಉಂಟು."

"ಒರತೆಯಾ ಮಾರಾಯ್ರೇ!" ಎಂದು ಜಯಶೀಲ ಓಡಿಬಂದು ಬೊಗಸೆ ಒಡ್ಡಿ ಕುಡಿದೇಬಿಟ್ಟ. "ಎಂಥ ರುಚಿ! ನಮ್ಮ ಊರಿನ ಬಾವಿ ನೀರೇ!" ಹೆಂಗಸರು ಬಾಟಲಿ ತುಂಬಿಕೊಂಡರು. ಯಾರೋ ಪಕ್ಕದ ಕಲ್ಲಿಗೆ ಕುಂಕುಮ ಹಚ್ಚಿ ಕೈಮುಗಿದರು. ಜಯಶೀಲ ಮಂಡಿಯವರೆಗೆ ಪ್ಯಾಂಟು ಮಡಚಿ ಕಾಲಿಟ್ಟುಕೊಂಡು ಕುಳಿತ. ಅರ್ಧ ಗಂಟೆಯಲ್ಲಿ ಪುಂಡರೀಕಾಕ್ಷನ ಸುಳ್ಳಿಗೆ ಒಂದು ಮಂಗಳಾರತಿಯೂ ಆಗಿಹೋಯಿತು.

ಆಗ ಮಳೆ ಜೋರಾಯಿತು. ಜಯಶೀಲ ಕಾಲು ಎತ್ತಿ ನೋಡಿಕೊಂಡ.

"ಇದೆಂತ? ನೀರು ಚಾಯದ ಬಣ್ಣಕ್ಕೆ ತಿರುಗಿತಲ್ಲ?"

ಏರಿ ಕಟ್ಟಿದ ಮೇಸ್ತ್ರಿ ಹೇಳಿದ್ದ, ಪುಂಡರೀಕಾಕ್ಷ ಮರೆತೇಬಿಟ್ಟಿದ್ದ ಒಂದೇ ಮಾತು ಈಗ ನೆನಪಾಯಿತು: ತಿಳಿನೀರು ಬಂದರೆ ಕಣ್ಣಿಡಿ, ಕೆಂಪುನೀರು ಬಂದರೆ ಒಳಗಿನ ಮಣ್ಣೇ ಕೊಚ್ಚಿಹೋಗುತ್ತಿದೆ, ನಿಲ್ಲಬೇಡಿ. ಏರಿಯ ಕೆಳಗೆ ನೂರು ಹೆಜ್ಜೆ ದೂರದಲ್ಲಿ ಜಾಗ ಕಾಯುವ ಸಾಬವ್ವನ ಕೋಣೆ ಇತ್ತು. ವಿಜಾಪುರದ ಕಡೆಯಿಂದ ಬಂದ ಒಂಟಿ ಹೆಂಗಸು ಎಂದು ಕೇಳಿದ್ದನೇ ಹೊರತು ಮುಖ ನೋಡಿರಲಿಲ್ಲ.

"ಎಲ್ಲರೂ ಮೇಲೆ ಹೋಗಿ!" ಎಂದು ಅವನು ಕಿರುಚಿದ. "ಒರತೆಯಲ್ಲ, ಏರಿ ಸೋರ್ತಾ ಉಂಟು!"

"ಹೋದ ತಿಂಗಳು ನೋಡಿದ್ರಲ್ಲಾ?" ಮೇಡಂ ಕೇಳಿದರು.

"ನೋಡಿದ್ದೆ ಮೇಡಂ. ಆಗ ಇರಲಿಲ್ಲ." ಇನ್ನೊಂದು ಸುಳ್ಳು.

ನೀರು ಬಿಡುವ ತೂಬಿನ ಚಕ್ರ ತುಕ್ಕು ಹಿಡಿದು ಕಲ್ಲಾಗಿತ್ತು. ಜಯಶೀಲ ಇಡ್ಲಿಗೆಂದು ತಂದ ತೆಂಗಿನೆಣ್ಣೆಯನ್ನೆಲ್ಲ ಅದಕ್ಕೆ ಸುರಿದ. ನಾಲ್ಕು ಜನ ಜೋತುಬಿದ್ದ ಮೇಲೆ ಅದು ಹಂದಿಯ ಹಾಗೆ ಕಿರುಚಿ ತಿರುಗಿತು. ಹೆಚ್ಚಾದ ನೀರು ಹರಿದುಹೋಗಬೇಕಾದ ಕೋಡಿಯಲ್ಲಿ ಆಳೆತ್ತರದ ಪೊದೆ. ಅದನ್ನು ಗಂಡಸರು ಕೈಯಲ್ಲೇ ಕಿತ್ತರು. ಮೇಡಂ ಮೇಸ್ತ್ರಿಗೆ ಫೋನ್ ಹಚ್ಚಿ, ಅವನು ಹೇಳಿದಂತೆ ಸೋರುವ ಜಾಗದ ಮೇಲೆ ಮರಳು, ಅದರ ಮೇಲೆ ಜಲ್ಲಿ ಹಾಕಿಸಿದರು.

ಪುಂಡರೀಕಾಕ್ಷ ಮಾತ್ರ ಕೆಳಗೆ ಓಡಿದ. ಜಾರಿ ಬಿದ್ದ, ಎದ್ದ, ಮತ್ತೆ ಬಿದ್ದ. ಒಂದು ಚಪ್ಪಲಿ ಕೆಸರಿನ ಪಾಲಾಯಿತು. ಸಾಬವ್ವನ ಬಾಗಿಲು ತಳ್ಳಿದರೆ ಒಳಗೆ ಯಾರೂ ಇಲ್ಲ. ಪಾತ್ರೆಯಿಲ್ಲ, ಹಾಸಿಗೆಯಿಲ್ಲ. "ಸಾಬವ್ವಾ!" ಎಂದು ಹಳ್ಳದ ಉದ್ದಕ್ಕೂ ಕೂಗಿದ. ಉತ್ತರವಿಲ್ಲ. ಆ ಹೆಂಗಸಿಗೆ ಏನಾದರೂ ಆಗಿದ್ದರೆ? ಅವನಿಗೆ ಅಳುವೇ ಬಂತು. ಮೂರು ವರ್ಷ ಬರೆದ ಒಂದೊಂದು ಅಕ್ಷರವೂ ಮುಖಕ್ಕೆ ಉಗಿದಂತಾಯಿತು.

"ಇಲ್ಲಿ ಬರ್ರೀ ಯಪ್ಪಾ, ಅಲ್ಲಿ ಯಾಕ ನಿಂತೀರಿ?"

ದನಿ ಗುಡ್ಡದ ಮೇಲಿನ ಪಂಪ್ ಶೆಡ್‌ನಿಂದ ಬಂತು. ಹತ್ತಿ ಹೋದರೆ, ಸಾಬವ್ವ ಪಾತ್ರೆ ಪಡಗವನ್ನೆಲ್ಲ ಜೋಡಿಸಿಕೊಂಡು, ಒಲೆ ಹೂಡಿ ಚಹಾ ಕಾಯಿಸುತ್ತಿದ್ದಳು. ಕೆಸರಿನ ಬೊಂಬೆಯಂತಿದ್ದ ಅವನ ಕೈಗೆ ಒಂದು ಲೋಟ ಕೊಟ್ಟಳು. ಅಷ್ಟರಲ್ಲಿ ಉಳಿದವರೂ ಬಂದರು. ಕೆರೆ ಇಳಿಯುತ್ತಿತ್ತು, ಸೋರುವ ನೀರು ಮತ್ತೆ ತಿಳಿಯಾಗಿತ್ತು.

"ಸದ್ಯ! ಯಾವಾಗ ಮೇಲೆ ಬಂದೆಯಮ್ಮ?" ಮೇಡಂ ಕೇಳಿದರು.

"ಶುಕ್ರವಾರನ ಬಂದೇನ್ರಿ. ಹ್ವಾದ ವರ್ಷನೂ ಹಿಂಗ ಸೋರಿತ್ತು. ಈ ಜಯಶೀಲಣ್ಣಾರಿಗೆ ಹೇಳಿದ್ದೆ. 'ಬುಕ್ಕಿನ್ಯಾಗ ಗಟ್ಟಿ ಅಂತ ಬರದಾರ' ಅಂದ್ರು. ಬುಕ್ಕು ಗಟ್ಟಿ ಇರಬೇಕ್ರಿ. ಒಡ್ಡು ನೋಡಾಕ ಅಂತ ಮೂರು ವರ್ಷದಾಗ ಒಂದ್ ನರಪಿಳ್ಳಿ ಬಂದಿಲ್ಲ ಇಲ್ಲಿಗೆ."

ಜಯಶೀಲ ಲೋಟದೊಳಗೆ ಮುಖ ಹುದುಗಿಸಿದ. ಮೇಡಂ ಪುಂಡರೀಕಾಕ್ಷನ ಕಡೆ ತಿರುಗಿದರು.

"ಇವರು ಯಾರ್ರೀ, ಹೊಸಬರೇನು?" ಸಾಬವ್ವ ಅವನನ್ನು ತೋರಿಸಿ ಕೇಳಿದಳು. "ಪಾಪ, ನನ್ನ ಸಲುವಾಗಿ ಭಾಳ ಓಡ್ಯಾರ."

ಪುಂಡರೀಕಾಕ್ಷ ತಲೆ ತಗ್ಗಿಸಿದ. "ಒಡ್ಡು ನೋಡಬೇಕಾಗಿದ್ದವ ನಾನೇ, ಅಮ್ಮ. ಒಂದು ಸಲವೂ ಬರಲಿಲ್ಲ. ಬರೆದದ್ದೆಲ್ಲ ಸುಳ್ಳು." ಆಮೇಲೆ ಮೇಡಂಗೆ, "ಈ ಕೆಲಸಕ್ಕೆ ನಾನು ಲಾಯಕ್ಕಲ್ಲ. ಬೇರೆ ಯಾರಿಗಾದರೂ ಕೊಡಿ" ಎಂದ. ಹೇಳಿದ ಮೇಲೆ ಎದೆ ಕೊಂಚ ಹಗುರಾಯಿತು. ಇಲ್ಲಿಗಾದರೂ ಮುಗಿಯಿತಲ್ಲ!

ಮೇಡಂ ಸುತ್ತ ನೋಡಿದರು. ಒಬ್ಬರಿಗೆ ಫೋನ್ ಬಂತು. ಇನ್ನೊಬ್ಬರಿಗೆ ಕೆಮ್ಮು. ಜಯಶೀಲನಿಗೆ ಇದ್ದಕ್ಕಿದ್ದಂತೆ ಹೋಟೆಲಿನ ನೆನಪಾಯಿತು.

ಸಾಬವ್ವ ಚಹಾ ಸೋಸುತ್ತ, ಮರುಕದಿಂದಲೇ ಹೇಳಿದಳು:

"ಇವರೇ ಇರ್ಲಿ ಬಿಡ್ರೀ ಮೇಡಂ. ಬ್ಯಾರೆ ಯಾರರ ಚಲೋ ಮಂದಿ ಬಂದ್ರ ನಾ ನಂಬಿ ಮಕ್ಕೊಂಡುಬಿಡ್ತೀನಿ. ಇವರ ಹೆಸರಿದ್ರ ನನಗ ಎಚ್ಚರ ಇರ್ತೈತಿ."

ಎಲ್ಲರೂ ಒಟ್ಟಿಗೆ ಒಪ್ಪಿಗೆಯ ಕೈ ಎತ್ತಿದರು.